ಒಂದು ಕ್ರೆಡಿಟ್ ಕಮ್ಮಿ

ಸಂಪಾದಕರಿಗೆ ನಮಸ್ಕಾರ.

ಪಿಜಿ ಪ್ರವೇಶದ ಜಾಹೀರಾತುಗಳು ಮತ್ತೆ ಬರುತ್ತಿವೆ. ಎಂಎಸ್ಸಿ ಕಂಪ್ಯೂಟರ್ ಸೈನ್ಸ್, ಎಂಸಿಎ ಅಂತ ದಪ್ಪ ಅಕ್ಷರದಲ್ಲಿ. ಸೇರಲು ಎಷ್ಟು ಪರ್ಸೆಂಟ್ ಬೇಕು, ಯಾವ ಯಾವ ಸರ್ಟಿಫಿಕೇಟ್ ತರಬೇಕು, ಎಷ್ಟನೇ ತಾರೀಖಿನೊಳಗೆ ಫೀ ಕಟ್ಟಬೇಕು, ಎಲ್ಲ ಇರುತ್ತದೆ. ಸೇರಿದವರು ಮುಗಿಸಿ ಹೊರಗೆ ಬರಲು ಏನೇನು ಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ಮನೆಗೆ ಅದರ ಬಿಸಿ ತಟ್ಟಿದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆದೀತು. ಕತ್ತರಿಸಿದರೆ ಬೇಜಾರಿಲ್ಲ.

ನಾನು ಕುಮಟಾದಲ್ಲಿ ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ಇಟ್ಟುಕೊಂಡವ. ಓದಿದ್ದು ಪಿಯುಸಿ. ಆದರೆ ಇಪ್ಪತ್ತೆರಡು ವರ್ಷದಿಂದ ಎಂಎಸ್ಸಿ, ಎಂಸಿಎ, ಎಂಟೆಕ್ ಮಕ್ಕಳ ಪ್ರಾಜೆಕ್ಟ್ ರಿಪೋರ್ಟುಗಳು ನನ್ನ ಕೈಯಲ್ಲೇ ಹಾದು ಹೋಗಿವೆ. ಧಾರವಾಡ, ಮಂಗಳೂರು, ಬೆಳಗಾವಿ, ಮೈಸೂರು ಅಂತ ಎಲ್ಲೆಲ್ಲೋ ಓದುವ ನಮ್ಮ ಕಡೆಯ ಮಕ್ಕಳು ಕೊನೆಯ ಸೆಮಿಸ್ಟರಿನಲ್ಲಿ ಊರಿಗೆ ಬಂದು ಕೂತು ಬರೆಯುತ್ತಾರೆ. ಇಲ್ಲೇ ಬೈಂಡ್ ಮಾಡಿಸಿಕೊಂಡು ಹೋಗುತ್ತಾರೆ. ಅದೂ ಸರಿಯಾಗಿ ಮಳೆಗಾಲದಲ್ಲೇ. ಒದ್ದೆ ಕೊಡೆ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಪೆನ್‌ಡ್ರೈವ್, "ಅಣ್ಣಾ, ನಾಳೆ ಹತ್ತು ಗಂಟೆಗೆ ಸಬ್ಮಿಟ್ ಮಾಡ್ಬೇಕು" ಅನ್ನುವ ಮಾತು.

ನಮ್ಮ ಮಳೆಯಲ್ಲಿ ಬೈಂಡಿಂಗ್ ಅಂದರೆ ಸುಲಭ ಅಲ್ಲ. ಹಾಳೆ ತೇವ ಎಳೆದುಕೊಂಡು ಪ್ರಿಂಟರಿನಲ್ಲಿ ಎರಡೆರಡು ಒಟ್ಟಿಗೆ ಹೋಗುತ್ತದೆ. ಅಂಟು ಒಣಗುವುದಿಲ್ಲ. ರೆಕ್ಸಿನ್ ಹಚ್ಚಿದ ರಟ್ಟನ್ನು ಬಲ್ಬಿನ ಕೆಳಗೆ ಇಟ್ಟು, ಮೇಲೆ ಅರೆಯುವ ಕಲ್ಲು ಹೇರಿ ರಾತ್ರಿಯಿಡೀ ಬಿಡುತ್ತೇನೆ. ಕರೆಂಟು ಹೋದರೆ ಅದೂ ಇಲ್ಲ. ಎಡಗಡೆ ಒಂದೂವರೆ ಇಂಚು ಮಾರ್ಜಿನ್ ಬಿಡಿ ಅಂತ ಬಹಳಷ್ಟು ಕಡೆ ನಿಯಮ ಇದೆ. ಮಕ್ಕಳಿಗೆ ಅದು ಸುಮ್ನೆ ಒಂದು ಕಿರಿಕಿರಿ. ಕಾರಣ ಗೊತ್ತಿರುವುದು ನನ್ನಂಥವನಿಗೆ. ಹೊಲಿಗೆ ಅರ್ಧ ಇಂಚು ತಿನ್ನುತ್ತದೆ. ಮಾರ್ಜಿನ್ ಬಿಡದಿದ್ದರೆ ಪ್ರತಿ ಸಾಲಿನ ಮೊದಲ ಅಕ್ಷರ ಅಂಟಿನೊಳಗೆ ಹೋಗಿ ಕೂರುತ್ತದೆ. ಒಮ್ಮೆ ಒಬ್ಬ ಹುಡುಗನ ಮೂರೂ ಪ್ರತಿ ಹಾಗೆ ಆಗಿ ರಾತ್ರಿ ಹನ್ನೊಂದಕ್ಕೆ ಬಿಚ್ಚಿ ಮತ್ತೆ ಕಟ್ಟಿಕೊಟ್ಟಿದ್ದೇನೆ.

ರಿಪೋರ್ಟಿನ ಕ್ರಮ ನನಗೆ ಬಾಯಿಪಾಠ. ಮೊದಲು ಗೈಡ್ ಮತ್ತು ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರ ಸಹಿ, ಸೀಲು ಇರುವ ಸರ್ಟಿಫಿಕೇಟ್ ಪುಟ. ಆಮೇಲೆ 'ಇದು ನಾನೇ ಮಾಡಿದ ಕೆಲಸ' ಅನ್ನುವ ಡಿಕ್ಲರೇಶನ್. ಅಪ್ಪ ಅಮ್ಮನಿಗೆ ಕೃತಜ್ಞತೆ. ಇಲ್ಲಿಯವರೆಗೆ ರೋಮನ್ ಅಂಕಿ. ಮುಂದೆ ಪೀಠಿಕೆ, ಹಿಂದಿನವರು ಮಾಡಿದ ಕೆಲಸ, ಡಿಸೈನು, ಚಿತ್ರಗಳು, ಟೆಸ್ಟಿಂಗು, ಸ್ಕ್ರೀನ್‌ಶಾಟು. ಕೊನೆಗೆ 'ಮುಂದೆ ಏನು ಮಾಡಬಹುದು' ಅಂತ ಒಂದು ಪುಟ. ಆ ಪುಟದಲ್ಲಿ ಎಲ್ಲರೂ ಮೊಬೈಲ್ ಆ್ಯಪ್ ಮಾಡುತ್ತೇವೆ ಅಂತ ಬರೆಯುತ್ತಾರೆ. ಯಾರೂ ಮಾಡಿದ್ದು ಕಂಡಿಲ್ಲ.

ದುಡ್ಡು ಕೊಟ್ಟು ತಂದ ಪ್ರಾಜೆಕ್ಟುಗಳೂ ಬರುತ್ತವೆ. ಮುಖ ನೋಡಿ ಹಾಜರಿ ಹಾಕುವ ಸಿಸ್ಟಮ್ ಅಂತ ಒಂದೇ ವರ್ಷ ನಾಲ್ಕು ಕಟ್ಟಿದ್ದೇನೆ. ಒಂದರ 43ನೇ ಪುಟದಲ್ಲಿ ಬೇರೆ ಯಾವುದೋ ಕಾಲೇಜಿನ ಹೆಸರು ಹಾಗೇ ಉಳಿದಿತ್ತು. "ತಮ್ಮಾ, ಇದೆಂತದು?" ಅಂದೆ. ಅವನ ಮುಖ ಸಣ್ಣದಾಯಿತು. ಈಗ ಕಾಪಿ ಹೊಡೆದರೆ ಸಿಕ್ಕಿಬೀಳುತ್ತಾರೆ. ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿ 2018ರಲ್ಲಿ ನಿಯಮ ತಂದಿದೆ. ಸಾಫ್ಟ್‌ವೇರ್‌ಗೆ ಹಾಕಿದಾಗ ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರ ಒಳಗಿದ್ದರೆ ತೊಂದರೆ ಇಲ್ಲ. ಅಲ್ಲಿಂದ 40ರವರೆಗೆ ಬಂದರೆ ಆರು ತಿಂಗಳ ಒಳಗೆ ತಿದ್ದಿ ಕೊಡಬೇಕು. 60ರವರೆಗೆ ಬಂದರೆ ಒಂದು ವರ್ಷದವರೆಗೆ ತಿದ್ದಿದ್ದನ್ನೂ ಕೊಡುವ ಹಾಗಿಲ್ಲ. ಅದಕ್ಕೂ ಮೇಲಾದರೆ ನೋಂದಣಿಯೇ ರದ್ದು. ಪಿಎಚ್‌ಡಿಯವರಿಗೆ ಮಾತ್ರ ಅಂತ ಮಕ್ಕಳು ತಿಳಿದುಕೊಂಡಿದ್ದಾರೆ. ಮಾಸ್ಟರ್ ಡಿಗ್ರಿ ಪ್ರಬಂಧಕ್ಕೂ ಅದು ಲಾಗೂ. "ಅಣ್ಣಾ, 38 ಬಂದಿದೆ, ಹತ್ತರ ಕೆಳಗೆ ಇಳಿಸಿ ಕೊಡ್ತೀರಾ?" ಅಂತ ಕೇಳಿಕೊಂಡು ಬಂದವರೂ ಇದ್ದಾರೆ. ನಾನೇನು ಬಿಪಿ ಡಾಕ್ಟರಾ?

ಇಷ್ಟೆಲ್ಲ ಗೊತ್ತಿದ್ದೂ ನನ್ನ ಸ್ವಂತ ಮಗಳ ವಿಷಯದಲ್ಲಿ ಎಡವಿದೆ ನೋಡಿ.

ಅವಳು ಎಂಎಸ್ಸಿ ಕಂಪ್ಯೂಟರ್ ಸೈನ್ಸ್‌ಗೆ ಸೇರಿದ್ದು 2023ರ ಕೊನೆಗೆ. ಎಲ್ಲಿ ಅಂತ ಹೇಳುವುದಿಲ್ಲ. ಹೆಸರು ಹಿಡಿದು ದೂರಲು ಕೂತವನಲ್ಲ, ಬೇರೆ ಕಡೆಯೂ ಇದೇ ಕತೆ ಅಂತ ಅಂಗಡಿಗೆ ಬರುವವರ ಬಾಯಲ್ಲಿ ಕೇಳಿದ್ದೇನೆ. ಎರಡು ವರ್ಷ, ನಾಲ್ಕು ಸೆಮಿಸ್ಟರು, ಕೊನೆಯಲ್ಲಿ ಪ್ರಾಜೆಕ್ಟು ಮತ್ತು ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ. ನಮಗೆ ಗೊತ್ತಿದ್ದದ್ದು ಇಷ್ಟೇ.

ಹುಡುಗಿ ಚುರುಕು. ಮನೆಗೆ ಬಂದಾಗ ಅಂಗಡಿಯಲ್ಲೇ ಕೂತು ಓದುತ್ತಿದ್ದಳು. ಒಂದು ದಿನ ಬಿಲ್ಲಿನ ರೋಲ್ ಬಿಚ್ಚಿ ಕೌಂಟರಿನ ಮೇಲೆ ಉದ್ದಕ್ಕೆ ಹಾಸಿದಳು. ಅದರಲ್ಲಿ ಚೌಕ ಚೌಕ ಗೆರೆ ಎಳೆದು ಸೊನ್ನೆ, ಒಂದು ಬರೆದಳು. "ಅಪ್ಪಾ, ಈ ರೋಲ್ ಮುಗಿಯೂದೇ ಇಲ್ಲ ಅಂತ ತಿಳ್ಕೊ. ನೀನು ಒಂದು ಸಲಕ್ಕೆ ಒಂದೇ ಚೌಕ ನೋಡ್ಬಹುದು. ಅಲ್ಲಿದ್ದದ್ದನ್ನು ಅಳಿಸಿ ಬೇರೆ ಬರೀಬಹುದು. ಆಮೇಲೆ ಎಡಕ್ಕೋ ಬಲಕ್ಕೋ ಒಂದು ಮನೆ ಹೋಗ್ಬಹುದು. ಇಷ್ಟೇ ಇಟ್ಟುಕೊಂಡು ಇವತ್ತಿನ ಯಾವ ಕಂಪ್ಯೂಟರ್ ಮಾಡೋ ಲೆಕ್ಕವನ್ನೂ ಮಾಡ್ಬಹುದು" ಅಂದಳು. ಅಲನ್ ಟ್ಯೂರಿಂಗ್ ಅನ್ನುವವ 1936ರಲ್ಲೇ ಯೋಚಿಸಿದ್ದಂತೆ, ಆಗ ಈಗಿನ ಥರದ ಕಂಪ್ಯೂಟರೇ ಇರಲಿಲ್ಲವಂತೆ. ನನಗೆ ಅರ್ಧ ಅರ್ಥ ಆಯಿತು, ಅರ್ಧ ರೋಲ್ ಹಾಳಾಯಿತು. ಆ ಪೇಪರಿನಲ್ಲಿ ಕ್ಲಾಸಿಗೇ ಹೆಚ್ಚು ಅಂಕ ಅವಳದು.

ಅಂಥವಳ ಡಿಗ್ರಿ ನಿಂತದ್ದು ಎಲ್ಲಿ ಗೊತ್ತಾ? ಒಂದು ಕ್ರೆಡಿಟ್ಟಿನಲ್ಲಿ.

ಕ್ರೆಡಿಟ್ ಅಂದರೇನು ಅಂತ ನನಗೂ ಆಗ ಗೊತ್ತಿರಲಿಲ್ಲ. ವಾರಕ್ಕೆ ಒಂದು ಗಂಟೆ ಪಾಠ, ಒಂದು ಸೆಮಿಸ್ಟರ್ ಪೂರ್ತಿ ಕೇಳಿದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ ಎರಡು ಗಂಟೆಗೆ ಒಂದು. ನಾಲ್ಕು ಕ್ರೆಡಿಟ್ಟಿನ ಪೇಪರ್ ಅಂದರೆ ವಾರಕ್ಕೆ ನಾಲ್ಕು ಕ್ಲಾಸು. ಹೀಗೆ ನಾಲ್ಕು ಸೆಮಿಸ್ಟರು ಕೂಡಿಸಿ ಇಂತಿಷ್ಟು ಆಗಲೇಬೇಕು. ಎಲ್ಲ ಪೇಪರ್ ಪಾಸಾದರೂ ಕೂಡಿಸಿದ್ದು ಒಂದು ಕಮ್ಮಿ ಬಂದರೆ ಡಿಗ್ರಿ ಇಲ್ಲ.

ಅದರ ಮೇಲೆ ಹಾಜರಿ. ಪ್ರತಿ ಪೇಪರಿನಲ್ಲೂ ಶೇ 75. ಹದಿನಾರು ವಾರ ಪಾಠ ಆದರೆ ನಾಲ್ಕು ಕ್ರೆಡಿಟ್ಟಿನ ಪೇಪರಿಗೆ 64 ಕ್ಲಾಸು. ಅದರಲ್ಲಿ 48 ಕೂರಲೇಬೇಕು. ತಪ್ಪಿಸಬಹುದಾದದ್ದು 16. ಕೇಳಲು ಜಾಸ್ತಿ ಅನಿಸುತ್ತದೆ. ನಾಲ್ಕು ವಾರ ಹೋದರೆ ಮುಗಿಯಿತು. ನಮ್ಮ ಜಿಲ್ಲೆಯವರಿಗೆ ಮಳೆಗಾಲದಲ್ಲಿ ನಾಲ್ಕು ವಾರ ಅಂದರೆ ಏನು ದೊಡ್ಡದು? 2024ರ ಜುಲೈಯಲ್ಲಿ ಇವಳು ಜ್ವರ ಅಂತ ಮನೆಗೆ ಬಂದಿದ್ದಳು. 16ನೇ ತಾರೀಖು ಮಂಗಳವಾರ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬಂದ್. ಗಂಗಾವಳಿ ನದಿ ಕೆಂಪಗೆ ಹರಿಯುತ್ತಿತ್ತು. ಜನ ಸತ್ತಿದ್ದರು, ಇನ್ನೂ ಹುಡುಕುತ್ತಿದ್ದರು, ಅದರ ನಡುವೆ ಹಾಜರಿ ಅಂತ ಬಾಯಿ ಬಿಡಲು ನಾಚಿಕೆ. ಆದರೆ ಲೆಕ್ಕ ಲೆಕ್ಕವೇ. ಮಳೆಗೆ ಜಿಲ್ಲಾಧಿಕಾರಿ ಕೊಡುವ ರಜೆ ಸಾಮಾನ್ಯವಾಗಿ ಅಂಗನವಾಡಿಯಿಂದ ಪಿಯುಸಿವರೆಗೆ. ಎಂಎಸ್ಸಿಯವರಿಗೆ ಮಳೆ ಬರುವುದಿಲ್ಲ ಅಂತ ಇರಬೇಕು. ಅವಳ ಹಾಜರಿ ಒಂದು ಪೇಪರಿನಲ್ಲಿ 76ಕ್ಕೆ ಬಂದು ನಿಂತಿತು. ಜ್ವರದ ಸರ್ಟಿಫಿಕೇಟ್ ಕೊಟ್ಟಿದ್ದೆವು, ಅದು ಬೇಕಾಗಲಿಲ್ಲ. ಬದುಕಿದೆವು ಅಂದುಕೊಂಡೆವು.

ಮೂರನೇ ಸೆಮಿಸ್ಟರಿಗೆ ಓಪನ್ ಇಲೆಕ್ಟಿವ್ ಅಂತ ಒಂದು ಪೇಪರು. ಅಂದರೆ ತಮ್ಮ ವಿಷಯ ಬಿಟ್ಟು ಬೇರೆ ವಿಭಾಗದ್ದು ಒಂದು ಓದಬೇಕು. ನಾಲ್ಕು ಕ್ರೆಡಿಟ್. ಇವಳಿಗೆ ಸಿಗುತ್ತಿದ್ದ ಪೇಪರಿನ ಕ್ಲಾಸು ಇವಳ ಲ್ಯಾಬ್ ಹೊತ್ತಿಗೇ ಬಿತ್ತು. "ಹಾಗಾದ್ರೆ ಸ್ವಯಂನಲ್ಲಿ ಒಂದು ಕೋರ್ಸ್ ಮಾಡು, ಅಡ್ಡಿಲ್ಲ" ಅಂತ ಒಬ್ಬ ಮೇಷ್ಟ್ರು ಬಾಯಲ್ಲಿ ಹೇಳಿದರು. ಹೇಳಿದ್ದು ತಪ್ಪೇನಲ್ಲ. ಸ್ವಯಂ ಅನ್ನುವುದು ಕೇಂದ್ರ ಸರ್ಕಾರದ್ದೇ ಆನ್‌ಲೈನ್ ಪಾಠದ ವ್ಯವಸ್ಥೆ. ಒಂದು ಸೆಮಿಸ್ಟರಿನ ಪೇಪರುಗಳಲ್ಲಿ ಶೇ 40ರವರೆಗೆ ಅಲ್ಲಿಂದ ತೆಗೆದುಕೊಳ್ಳಲು ಯುಜಿಸಿ 2021ರಿಂದ ಬಿಟ್ಟಿದೆ. ಆದರೆ ಯಾವ ಕೋರ್ಸು, ನಮ್ಮ ಯಾವ ಪೇಪರಿನ ಬದಲಿಗೆ, ಅದಕ್ಕೆ ಎಷ್ಟು ಕ್ರೆಡಿಟ್ ಅನ್ನುವುದನ್ನು ಯೂನಿವರ್ಸಿಟಿ ಮೊದಲೇ ಒಪ್ಪಿರಬೇಕು. ಈ ಎರಡನೇ ಮಾತನ್ನು ನಮಗೆ ಯಾರೂ ಹೇಳಲಿಲ್ಲ.

ಮಗಳು ಮನಶ್ಶಾಸ್ತ್ರದ ಹನ್ನೆರಡು ವಾರದ ಕೋರ್ಸು ಆರಿಸಿಕೊಂಡಳು. ಪಾಠ ಪುಕ್ಕಟೆ, ಪರೀಕ್ಷೆಗೆ ಒಂದು ಸಾವಿರ ರೂಪಾಯಿ. ವಾರಕ್ಕೊಂದು ಅಸೈನ್‌ಮೆಂಟು, ಹನ್ನೆರಡರಲ್ಲಿ ಚೆನ್ನಾಗಿ ಬಂದ ಎಂಟರ ಸರಾಸರಿ ಹಿಡಿದು 25 ಅಂಕ. ಪರೀಕ್ಷೆಗೆ 75. ಪರೀಕ್ಷೆ ಬರೆಯಲು ಹುಬ್ಬಳ್ಳಿಗೆ ಹೋದೆವು. ನಾನೂ ಹೋಗಿದ್ದೆ, ಅಂಗಡಿ ಅವಳಮ್ಮನ ಮೇಲೆ ಬಿಟ್ಟು. ಅರಬೈಲ್ ಘಟ್ಟದಲ್ಲಿ ಇಬ್ಬರಿಗೂ ವಾಂತಿ. 71 ಬಂತು. 'ಎಲೀಟ್' ಅಂತ ಬರೆದ ಸರ್ಟಿಫಿಕೇಟು. ಅದನ್ನು ನಾನೇ ಲ್ಯಾಮಿನೇಶನ್ ಮಾಡಿಕೊಟ್ಟೆ, ಕೈಯಾರೆ.

ನಾಲ್ಕನೇ ಸೆಮಿಸ್ಟರು ಮುಗಿಯಿತು. ಪ್ರಾಜೆಕ್ಟ್ ಅವಳದ್ದೇ. ತದಡಿ ಬಂದರಿನಲ್ಲಿ ದಿನಾ ಯಾವ ಮೀನಿಗೆ ಎಷ್ಟು ದರ ಆಯಿತು ಅಂತ ಬರೆದಿಟ್ಟು, ನಾಳೆಯ ದರ ಅಂದಾಜು ಮಾಡುವಂಥದ್ದು. ಅಂದಾಜು ಬಂಗುಡೆಗೆ ಸುಮಾರು ಸರಿ ಬರುತ್ತಿತ್ತು, ಸಿಗಡಿಗೆ ಪೂರ್ತಿ ತಲೆಕೆಳಗು. ಅದನ್ನೂ ಮುಚ್ಚಿಡದೆ ರಿಪೋರ್ಟಿನಲ್ಲಿ ಬರೆದಳು. ವೈವಾಕ್ಕೆ ಹೊರಗಿಂದ ಬಂದವರು ಸಿಗಡಿ ಬಗ್ಗೆಯೇ ಇಪ್ಪತ್ತು ನಿಮಿಷ ಕೇಳಿದರಂತೆ. ಮೂರು ಪ್ರತಿ, ನೀಲಿ ರೆಕ್ಸಿನ್, ನನ್ನ ಜನ್ಮದಲ್ಲಿ ಅಷ್ಟು ಚೆಂದ ಬೈಂಡಿಂಗ್ ಮಾಡಿಲ್ಲ.

ರಿಸಲ್ಟ್ ಬಂದಾಗ ಎಲ್ಲರದ್ದೂ ಬಂತು, ಇವಳದ್ದು ತಡೆಹಿಡಿದಿದ್ದರು. ಕಚೇರಿಗೆ ಹೋದೆವು. ಕಿಟಕಿಯಲ್ಲಿದ್ದವರು ಒಳ್ಳೆಯವರೇ. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. "ಒಟ್ಟು 92 ಬೇಕು. 91 ಇದೆ. ಹನ್ನೆರಡು ವಾರದ ಕೋರ್ಸಿಗೆ ಮೂರು ಕ್ರೆಡಿಟ್ಟೇ ಕೊಡೋದು. ನಿಮ್ಮ ಪೇಪರ್ ನಾಲ್ಕರದ್ದು."

ನಾನು ಕೇಳಿದೆ, "ನಾಲ್ಕು ವಾರದ ಕೋರ್ಸಿಗೆ ಒಂದು ಕ್ರೆಡಿಟ್ ಅಂತ ಇದೆಯಲ್ಲ, ಅದೊಂದು ಮಾಡಿ ಸೇರಿಸಿದ್ರೆ ಆಗೂದಿಲ್ವಾ?"

"ಒಂದು ಪೇಪರಿಗೆ ಎರಡು ಕೋರ್ಸ್ ಜೋಡಿಸೋಕೆ ಇಲ್ಲಿ ಬರೋದಿಲ್ಲ ಸರ್. ಓಪನ್ ಇಲೆಕ್ಟಿವ್ ಮೂರನೇ ಸೆಮಿಸ್ಟರಿನಲ್ಲೇ ಇರೋದು. ಜೂನಿಯರ್ಸ್ ಜೊತೆ ಕೂತು ಮುಗಿಸ್ಲಿ."

ನಮ್ಮ ಊರಿನ ಸೊಸೈಟಿಯಲ್ಲಿ ಒಂದು ರೂಪಾಯಿ ಕಮ್ಮಿ ಬಿದ್ದರೆ ಮ್ಯಾನೇಜರ್ ತನ್ನ ಕಿಸೆಯಿಂದ ಹಾಕಿ ಪಾಸ್‌ಬುಕ್ ಎಂಟ್ರಿ ಮಾಡಿ ಕಳಿಸುತ್ತಾರೆ. ಕ್ರೆಡಿಟ್ಟಿಗೂ ಈಗ ಬ್ಯಾಂಕ್ ಇದೆಯಂತೆ, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಆ ಬ್ಯಾಂಕಿನಲ್ಲಿ ಕೈಗಡ ಸಿಗುವುದಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಅವಳನ್ನು ಕೆಲಸಕ್ಕೆ ಆರಿಸಿದ್ದ ಬೆಂಗಳೂರಿನ ಕಂಪನಿ ಡಿಗ್ರಿ ಸರ್ಟಿಫಿಕೇಟಿಗೆ ಒಂದು ತಾರೀಖು ಕೊಟ್ಟಿತ್ತು. ಅದು ದಾಟಿತು. ಕೆಲಸ ಹೋಯಿತು.

ತಪ್ಪು ಯಾರದು ಅಂತ ತುಂಬಾ ದಿನ ಯೋಚಿಸಿದೆ. ಅವಳು ನಿಯಮದ ಪುಸ್ತಕ ಓದಬೇಕಿತ್ತು, ನಿಜ. ಆಮೇಲೆ ನಾನು ಅದನ್ನು ಪ್ರಿಂಟ್ ಹಾಕಿ ಓದಿದೆ. ನೂರಕ್ಕೂ ಜಾಸ್ತಿ ಪುಟ, ಪೂರ್ತಿ ಇಂಗ್ಲಿಷು, ಒಂದು ಸಾಲು ಹಿಡಿದರೆ ಅದು ಇನ್ನೊಂದು ಸಾಲಿಗೆ ಕಳಿಸುತ್ತದೆ, ಅದು ಮತ್ತೊಂದಕ್ಕೆ. ಅರ್ಥ ಮಾಡಿಕೊಳ್ಳಲು ನನಗೆ ಮೂರು ಭಾನುವಾರ ಬೇಕಾಯಿತು, ಪಕ್ಕದಲ್ಲಿ ಮಗಳನ್ನು ಕೂರಿಸಿಕೊಂಡು. ಡಿಗ್ರಿವರೆಗೆ ಕನ್ನಡ ಮಾಧ್ಯಮದಲ್ಲೋ ಅರ್ಧಂಬರ್ಧ ಇಂಗ್ಲಿಷಿನಲ್ಲೋ ಬಂದ ಮಗು ಸೇರಿದ ಮೊದಲ ವಾರ ಅದನ್ನು ಓದುತ್ತದಾ? ಸೀನಿಯರ್ ಹೇಳಿದ್ದೇ ಅದಕ್ಕೆ ನಿಯಮ. ಸೀನಿಯರಿಗೆ ಹೇಳಿದ್ದು ಅವನ ಸೀನಿಯರ್. ಅಷ್ಟರಲ್ಲಿ ನಿಯಮ ಬದಲಾಗಿರುತ್ತದೆ. ಎಂಸಿಎಯನ್ನೇ ನೋಡಿ. ಮೂರು ವರ್ಷ ಇದ್ದದ್ದು 2020-21ರಿಂದ ಎರಡು ವರ್ಷ ಆಯಿತು. ಈಗಲೂ ಅಂಗಡಿಗೆ ಬರುವ ಅಪ್ಪಂದಿರು "ಎಂಸಿಎ ಮೂರು ವರ್ಷ ಅಲ್ವಾ?" ಅಂತಲೇ ಕೇಳುತ್ತಾರೆ.

ಲೆಕ್ಚರರ್ ಆಗಬೇಕು ಅನ್ನುವವರಿಗೆ ಇನ್ನೊಂದು ಗುಂಡಿ ಇದೆ. ಪಾಸಾದರೆ ಸಾಕು ಅಂತ ಓದುತ್ತಾರೆ. ಅದಕ್ಕಿರುವ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್ ಬರೆಯಲು ಮಾಸ್ಟರ್ ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 55 ಬೇಕು, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗದಂಥ ಮೀಸಲಾತಿ ಇದ್ದವರಿಗೆ 50. ಶೇ 53ಕ್ಕೆ ಮುಗಿಸಿ ಬಂದ ಹುಡುಗಿಯೊಬ್ಬಳು ಅರ್ಜಿ ಪ್ರಿಂಟ್ ಹಾಕಿಸಲು ಬಂದಾಗಲೇ ಅದನ್ನು ಓದಿದ್ದು. ಕೌಂಟರಿನ ಎದುರೇ ನಿಂತು ಅತ್ತಳು. "ಅಳಬೇಡ ತಂಗೀ" ಅನ್ನುವುದು ಬಿಟ್ಟು ನನಗೆ ಬೇರೆ ಮಾತು ಬರಲಿಲ್ಲ. ಪ್ರಿಂಟಿನ ದುಡ್ಡು ತಗೊಳ್ಳಲಿಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಪಿಜಿಗೆ ಸೇರಿಸಿಕೊಳ್ಳುವ ದಿನ ಫೀ ರಸೀದಿಯ ಜೊತೆಗೇ ಕನ್ನಡದಲ್ಲಿ ಒಂದು ಹಾಳೆ ಕೊಡಿ. ಒಂದೇ ಹಾಳೆ, ಬೇಕಾದರೆ ಎರಡೂ ಬದಿ. ಒಟ್ಟು ಎಷ್ಟು ಕ್ರೆಡಿಟ್, ಯಾವ ಸೆಮಿಸ್ಟರಿಗೆ ಎಷ್ಟು, ಹೊರಗಿನ ಪೇಪರ್ ಯಾವಾಗ, ಆನ್‌ಲೈನ್ ಕೋರ್ಸಿಗೆ ಎಷ್ಟು ಸಿಗುತ್ತದೆ, ಯಾರ ಸಹಿ ಮೊದಲೇ ಬೇಕು, ಹಾಜರಿ ಎಷ್ಟು, ಪ್ರಾಜೆಕ್ಟಿಗೆ ಏನು ನಿಯಮ. ಆಮೇಲೆ ಮೂರನೇ ಸೆಮಿಸ್ಟರ್ ಶುರುವಾದ ವಾರ ಒಬ್ಬ ಮೇಷ್ಟ್ರು ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಐದು ನಿಮಿಷ ಕೂಡಿಸಿ ನೋಡಲಿ. ಕಂಪ್ಯೂಟರ್ ಸೈನ್ಸ್ ವಿಭಾಗದವರಿಗೆ ಕೂಡಿಸುವುದು ಕಷ್ಟವೇ? ಬಾಯಲ್ಲಿ 'ಅಡ್ಡಿಲ್ಲ' ಅನ್ನುವ ಮೇಷ್ಟ್ರುಗಳಿಗೆ ಒಂದು ವಿನಂತಿ, ಅದನ್ನೇ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಡಿ.

ಮಗಳ ಕತೆ ಅರ್ಧಕ್ಕೆ ಬಿಟ್ಟೆ. ಅವಳು ಈಗ ಜೂನಿಯರ್ಸ್ ಜೊತೆ ಓಪನ್ ಇಲೆಕ್ಟಿವ್‌ಗೆ ಕೂರುತ್ತಿದ್ದಾಳೆ. ಈ ವರ್ಷ ಲ್ಯಾಬ್ ಇಲ್ಲವಲ್ಲ, ಹೊತ್ತು ಸರಿಹೋಯಿತು. ಸಿಕ್ಕಿದ್ದು ಕನ್ನಡ ವಿಭಾಗದ ಜಾನಪದ. ಮೊದಲು ಮುಖ ಊದಿಸಿಕೊಂಡಳು. ಅಸೈನ್‌ಮೆಂಟಿಗೆ ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ತೆಗೆದುಕೊಂಡಿದ್ದಾಳೆ. ಅಂಕೋಲೆಯ ಸುಕ್ರಜ್ಜಿ, ಅಂದರೆ ಸುಕ್ರಿ ಬೊಮ್ಮಗೌಡ, 2017ರಲ್ಲಿ ಪದ್ಮಶ್ರೀ ಪಡೆದವರು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರು ಶಾಲೆ ಕಲಿತವರಲ್ಲ, ಸಾವಿರಾರು ಹಾಡು ಬಾಯಲ್ಲೇ ಇಟ್ಟುಕೊಂಡಿದ್ದರು. "ಅಪ್ಪಾ, ಅಷ್ಟು ಹಾಡು ಒಂದು ತಲೇಲಿ ಹೇಗೆ ಹುಡುಕ್ತಿದ್ರು? ನಾವು ಕಂಪ್ಯೂಟರಲ್ಲಿ ಅದಕ್ಕೆ ಇಂಡೆಕ್ಸ್ ಮಾಡ್ತೇವೆ" ಅಂತ ಮೊನ್ನೆ ಊಟಕ್ಕೆ ಕೂತಾಗ ಕೇಳಿದಳು. ಪಕ್ಕದ ಕೇರಿಯ ಹಾಲಕ್ಕಿ ಅಜ್ಜಿಯೊಬ್ಬರ ಹತ್ತಿರ ಫೋನ್ ಹಿಡಿದುಕೊಂಡು ಎರಡು ಭಾನುವಾರ ಹೋಗಿ ಬಂದಿದ್ದಾಳೆ. ಈ ಪೇಪರಿನ ಹಾಜರಿ ಸದ್ಯಕ್ಕೆ ನೂರಕ್ಕೆ ನೂರು.

ಹಾಳೆಯನ್ನು ಯೂನಿವರ್ಸಿಟಿಗಳು ಕೊಡುವವರೆಗೆ ಕಾಯುವುದು ಬೇಡ ಅಂತ ನಾವಿಬ್ಬರೂ ಸೇರಿ ಒಂದು ಮಾಡಿದ್ದೇವೆ. ಎ4, ಕನ್ನಡದಲ್ಲಿ, ಅಕ್ಷರ ಹದಿನಾಲ್ಕರ ಸೈಜು. ಮಗುವೇ ತುಂಬಿಕೊಳ್ಳಲು ಖಾಲಿ ಚೌಕಗಳು: ನಿನ್ನ ಕೋರ್ಸಿಗೆ ಒಟ್ಟು ಎಷ್ಟು, ನಿನ್ನದು ಎಷ್ಟಾಯಿತು, ಉಳಿದದ್ದು ಎಷ್ಟು, ಒಪ್ಪಿಗೆ ಬರೆದು ಕೊಟ್ಟವರು ಯಾರು. ಅಂಗಡಿಯ ಗಾಜಿಗೆ ಒಳಗಿನಿಂದ ಅಂಟಿಸಿದ್ದೇನೆ, ಮಳೆಗೆ ನೆನೆಯದ ಹಾಗೆ. ನಿಮ್ಮ ಪತ್ರಿಕೆಯವರು ಅಚ್ಚು ಹಾಕುವುದಾದರೆ ಒಂದು ಪ್ರತಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಅಂಗಡಿಗೆ ಬಂದು ಕೇಳಿದವರಿಗೆ ಜೆರಾಕ್ಸ್ ಪುಕ್ಕಟೆ. ಬೈಂಡಿಂಗಿಗೆ ಮಾತ್ರ ಹೇಳಿದ ರೇಟು, ಚೌಕಾಸಿ ಇಲ್ಲ.

– ಜೆರಾಕ್ಸ್ ಅಂಗಡಿಯವ, ಕುಮಟಾ